ನಕ್ಷೆಯ ನೀಲಿ ಭಾಗ

ಬಾಗಿಲು ಸ್ವಲ್ಪ ಜೋರಾಗಿ ಎಳೆಯಿರಿ,
ಉಪ್ಪುಗಾಳಿಗೆ ಕೀಲು ತುಕ್ಕು ಹಿಡಿದಿದೆ.
ನನ್ನ ಹೆಸರು ಪೆರ್ರೀನ್. ರೊಡ್ರಿಗ್ಸ್ ದ್ವೀಪಕ್ಕೆ ಸ್ವಾಗತ.
ಹೋಟೆಲಿನವರು ಕೊಟ್ಟ ನಕ್ಷೆಯಲ್ಲಿ ಹನ್ನೊಂದು ಕೆಂಪು ಚುಕ್ಕಿ;
ಸಂಜೆಯೊಳಗೆ ಒಂಬತ್ತು ತೋರಿಸುತ್ತೇನೆ,
ಉಳಿದೆರಡಕ್ಕೆ ದೋಣಿ ಬೇಕು, ಗಾಳಿಯ ಮರ್ಜಿ ಬೇಕು.

ಇದು ಟ್ರೂ ದಾರ್ಜಾಂ, ಅಂದರೆ ಬೆಳ್ಳಿಯ ಬಿಲ.
ಎರಡು ಕರಿಬಂಡೆಗಳ ನಡುವೆ ಅಂಗೈಯಷ್ಟು ಮರಳು.
ಕಡಲ್ಗಳ್ಳನೊಬ್ಬ ಹೂತಿಟ್ಟ ಹಣ ಇನ್ನೂ ಇದೆಯಂತೆ.
ನನ್ನಜ್ಜ ಅಗೆದ, ಅವನಪ್ಪ ಅಗೆದ,
ಸಿಕ್ಕಿದ್ದು ಬೆನ್ನುನೋವು.
ಈಗ ನೀವು ಬರುತ್ತೀರಿ, ತಲೆಗಿಷ್ಟು ಅಂತ ಕೊಡುತ್ತೀರಿ.
ಕಳ್ಳನ ಗಂಟಿನ ಬಡ್ಡಿ ಅಂದುಕೊಳ್ಳುತ್ತೇನೆ.

ಇದು ಆಮೆಗಳ ಕಣಿವೆ.
ಈ ಮಣ್ಣಿನ ಆಮೆಗಳನ್ನು ಹಿಂದೆ ಹಡಗಿನವರು
ತಿಂದು ಮುಗಿಸಿದರು. ಇವು ಪರವೂರಿನವು,
ನೆಂಟರಾಗಿ ಬಂದು ಉಳಿದುಬಿಟ್ಟವು.
ಕುತ್ತಿಗೆ ತುರಿಸಿ ನೋಡಿ, ಕಣ್ಣು ಮುಚ್ಚುತ್ತವೆ.

ಈ ದಿಬ್ಬದ ಮೇಲೆ ಹತ್ತು ನಿಮಿಷ. ಫೋಟೋ ಇಲ್ಲಿಂದಲೇ ಚಂದ.
ಕೆಳಗೆ ಅದೇನದು, ಅಷ್ಟು ದೊಡ್ಡ ತಿಳಿನೀಲಿ
ಅಂತ ಎಲ್ಲರೂ ಕೇಳುತ್ತಾರೆ, ನೀವೂ ಕೇಳಿದಿರಿ.
ನಕ್ಷೆಯಲ್ಲಿ ಅಲ್ಲಿ ಒಂದಕ್ಷರವೂ ಇಲ್ಲ.
ಏನಿಲ್ಲ, ಬರೀ ಮೊಣಕಾಲುದ್ದ ನೀರು ಅನ್ನುತ್ತೇನೆ.

ಅದು ಅಮ್ಮ ಹೇಳಿಕೊಟ್ಟ ಸುಳ್ಳು.

ನಲವತ್ತನಾಲ್ಕು ವರ್ಷ ಲಿಯೊಂಟೀನ್, ನನ್ನ ಅಮ್ಮ,
ಇಳಿತ ನೋಡಿ ಹೊರಟವಳು. ಹರಿದ ರಬ್ಬರ್ ಬೂಟು,
ಗದ್ದಕ್ಕೆ ಕಟ್ಟಿದ ಹುಲ್ಲಿನ ಟೋಪಿ, ಕೈಯಲ್ಲಿ ಕಬ್ಬಿಣದ ಸಲಾಕೆ.
ಹವಳದ ಒಂದೊಂದು ಬಿಲಕ್ಕೂ ಅವಳ ಹತ್ತಿರ ಹೆಸರಿತ್ತು:
ಅತ್ತೆಯ ಬಿಲ, ಕಿವುಡನ ಬಿಲ, ಎರಡು ಬಾಗಿಲ ಮನೆ,
ಒಂದೇ ಬೆಳಿಗ್ಗೆ ನಾಲ್ಕು ಆಕ್ಟೋಪಸ್ ಕೊಟ್ಟು
ಅಕ್ಕನ ಮದುವೆಗೆ ಚಪ್ಪಲಿ ತಂದ ಚಪ್ಪಲಿ ಬಿಲ.
ಬಾಗಿಲಲ್ಲಿ ಚಿಪ್ಪು ಗುಡಿಸಿಟ್ಟಿದ್ದರೆ
ಒಳಗೆ ಮನೆಯೊಡೆಯ ಇದ್ದಾನೆ ಅಂತ ಲೆಕ್ಕ.
ಸರ್ಕಾರ ಹಿಡಿಯಬೇಡಿ ಅಂದ ತಿಂಗಳುಗಳಲ್ಲಿ
ಅವಳು ದಡದಲ್ಲಿ ನಿಂತು ಆ ಮನೆಗಳನ್ನು ಎಣಿಸುತ್ತಿದ್ದಳು,
ಬಾಡಿಗೆ ವಸೂಲಿಗೆ ಬಂದವಳ ಹಾಗೆ.

ಈಗ ಕಣ್ಣಿಗೆ ಪೊರೆ.
ನೀರಿನ ಬೆಳಕೇ ತಿಂದದ್ದು ಅನ್ನುತ್ತಾರೆ ಡಾಕ್ಟರು.
ಕಂಬಗಳಿಗೆ ಒಣಹಾಕಿದ ಆಕ್ಟೋಪಸ್ಸುಗಳ ಕೆಳಗೆ
ಸ್ಟೂಲು ಹಾಕಿಕೊಂಡು ಕೂರುತ್ತಾಳೆ.
ಏಳನೆಯ ಚುಕ್ಕಿ ಅದು. ಫೋಟೋ ತೆಗೆಯುತ್ತೀರಿ,
ಕ್ಲಿಕ್ ಕೇಳಿದ ಕಡೆಗೆ ತಿರುಗಿ
ಯಾರದು, ಮಳೆ ಬರುತ್ತಾ ಅಂತ ಕೇಳುತ್ತಾಳೆ.
ಅವಳ ಪಾದ ಮಾತ್ರ ಸುಮ್ಮನಿರುವುದಿಲ್ಲ,
ಅಂಗಳದ ಮರಳಲ್ಲಿ ಹಿಮ್ಮಡಿಯಿಂದ ಗುಳಿ ತೋಡುತ್ತದೆ,
ಸರಿದು, ಮತ್ತೊಂದು, ಎಡಕ್ಕೆ ಸರಿದು ಮತ್ತೊಂದು.

ಒಂದು ರಾತ್ರಿ ಕೇಳಿದೆ: ಎಲ್ಲಾ ಹೇಳಮ್ಮ, ಬರೆದಿಡುತ್ತೇನೆ.
ಬರೆದರೆ ಚುಕ್ಕಿಯಾಗುತ್ತೆ ಕಣೇ ಅಂದಳು,
ಚುಕ್ಕಿಯಾದರೆ ನಿನ್ನ ವ್ಯಾನು ಬರುತ್ತೆ.
ಆಮೇಲೆ ತಡವರಿಸಿ ನನ್ನ ಕಾಲು ಹಿಡಿದುಕೊಂಡಳು,
ನಲವತ್ತು ವರ್ಷದವಳ ಕಾಲು, ಎಳೆಮಗುವಿನದೆಂಬಂತೆ,
ಅಂಗಾಲ ಮೇಲೆ ಬೆರಳೂರಿ ಹೇಳತೊಡಗಿದಳು:
ಇಲ್ಲಿ ಪಾಚಿ, ಜಾರುತ್ತೆ. ಇಲ್ಲಿ ಅತ್ತೆ. ಇಲ್ಲಿ ಕಿವುಡ.
ಇಲ್ಲಿ, ಹಿಮ್ಮಡಿಯ ಹತ್ತಿರ, ಒಂದು ಚಪ್ಪಟೆ ಬಂಡೆ,
ನೀನು ಹೊಟ್ಟೆಯಲ್ಲಿದ್ದಾಗ ಸುಸ್ತಾಗಿ ಕೂತದ್ದು.
ಅದಕ್ಕೆ ಪೆರ್ರೀನ್ ಅಂತಲೇ ಹೆಸರು.
ಮೊದಲು ಅದಕ್ಕಿತ್ತು, ಆಮೇಲೆ ನಿನಗೆ.

ಕ್ಲಚ್ ಒತ್ತುವಾಗೆಲ್ಲ ಎಡಗಾಲಿಗೆ ಕಚಗುಳಿ.
ಇಳಿತ ಎಷ್ಟು ಹೊತ್ತಿಗೆ ಅಂತ
ಗಡಿಯಾರ ನೋಡದೆ ತಿಳಿಯುತ್ತದೆ.

ಆಯಿತು, ಹತ್ತಿ. ಇನ್ನೂ ಐದು ಚುಕ್ಕಿ ಇವೆ.
ಮುಂದಿನ ತಿರುವಿನಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಸಿಗುತ್ತದೆ,
ಖಾರ ಜಾಸ್ತಿ, ಬಾಟಲಿ ಸೋರುವುದಿಲ್ಲ.
ಚೌಕಾಸಿ ಮಾತ್ರ ಮಾಡಬೇಡಿ,
ಅವಳು ನನ್ನ ಚಿಕ್ಕಮ್ಮ.